ಹಪುತಳೆಯ ಇಳಿಜಾರು

ಅಮ್ಮತ್ತಿ

ಸಿಲೋನಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು, "ರೇಡಿಯೋ ಸ್ಟೇಷನ್ ನೋಡಿದಿಯಾ?" ಎಂದು. ನೋಡಲಿಲ್ಲ. ಕೊಲಂಬೊ ಪಟ್ಟಣವನ್ನೂ ನೋಡಲಿಲ್ಲ. ನಾನು ನೋಡಿದ್ದು ಒಂದು ಬೆಟ್ಟ. ಅದನ್ನೂ ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ವೇಗದಲ್ಲಿ.

ನಾನು ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು, ಆಮೇಲೆ ದಿನವಿಡೀ ಸೈಕಲ್ಲಿನಲ್ಲಿ ತೋಟ ಸುತ್ತುವುದು ನನ್ನ ಕೆಲಸ. ಹತ್ತುವಾಗ ತಳ್ಳುತ್ತೇನೆ, ಇಳಿಯುವಾಗ ಬಿಡುತ್ತೇನೆ. ಏಳು ವರ್ಷ ಹೀಗೆ ಬಿಟ್ಟು ಬಿಟ್ಟು, ಕಾಫಿ ಗಿಡಗಳ ನಡುವಿನ ಒಂದಡಿ ದಾರಿಯಲ್ಲಿ, ಚರಂಡಿ ಹಾರಿ, ಬೇರಿನ ಮೇಲೆ ಕುಣಿದು ಇಳಿಯುವುದು ನನಗೆ ನಡೆದಷ್ಟೇ ಸುಲಭವಾಗಿತ್ತು. ಪಕ್ಕದ ಎಸ್ಟೇಟಿನ ಉತ್ತಯ್ಯನಿಗೂ ಇದೇ ಹುಚ್ಚು. ಭಾನುವಾರಗಳಲ್ಲಿ ನಾವಿಬ್ಬರೂ ತೋಟದ ತುದಿಯಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮನೆಯವರೆಗೆ ಪಂದ್ಯ ಕಟ್ಟಿ ಇಳಿಯುತ್ತಿದ್ದೆವು. ನೋಡಲು ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಜನರೆಲ್ಲ ಸೇರುತ್ತಿದ್ದರು. ಕೊನೆಕೊನೆಗೆ ನಮ್ಮ ಧಣಿ ಬೋಪಯ್ಯನವರೂ ಗಡಿಯಾರ ಹಿಡಿದು ಬಂದು ನಿಲ್ಲತೊಡಗಿದರು.

ಬೋಪಯ್ಯನವರಿಗೆ ಸಿಲೋನಿನಲ್ಲಿ, ಹಪುತಳೆ ಎಂಬ ಊರಿನ ಚಹಾ ತೋಟದಲ್ಲಿ, ಸೈನ್ಯದ ಕಾಲದ ಒಬ್ಬ ಸ್ನೇಹಿತರಿದ್ದರು. ಅಲ್ಲಿನ ತೋಟದವರು ವರ್ಷಕ್ಕೊಮ್ಮೆ ಬೆಟ್ಟದ ಮೇಲಿನಿಂದ ಫ್ಯಾಕ್ಟರಿಯವರೆಗೆ ಸೈಕಲ್ ಪಂದ್ಯ ನಡೆಸುತ್ತಾರೆ, ನಿಮ್ಮ ಹುಡುಗರಿಬ್ಬರನ್ನು ಕಳಿಸಿ ಎಂದು ಅವರು ಬರೆದರು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಕಚೇರಿಯ ಗುಮಾಸ್ತರು, "ಕೊಡಗು ಅಂತ ಬರೀಬೇಡಿ, ಈಗ ಮೈಸೂರು ರಾಜ್ಯ" ಎಂದು ತಿದ್ದಿಸಿದರು. ಕೊಡಗು ಮೈಸೂರಿಗೆ ಸೇರಿ ಆಗಿನ್ನೂ ಮೂರು ವರ್ಷವೂ ಆಗಿರಲಿಲ್ಲ. ನನ್ನ ಕೈ ಹಳೆಯ ಅಭ್ಯಾಸದಲ್ಲೇ ಇತ್ತು.

ಹೊರಡಲು ಎರಡು ವಾರವಿರುವಾಗ ಉತ್ತಯ್ಯ ಬಿದ್ದ. ಇಳಿಜಾರಿನಲ್ಲಿ ಅಲ್ಲ, ಅಮ್ಮತ್ತಿ ಪೇಟೆಯ ಸಮತಟ್ಟು ರಸ್ತೆಯಲ್ಲಿ, ಒಂದು ಎಮ್ಮೆ ಅಡ್ಡ ಬಂದು. ಕಾಲರ್ ಮೂಳೆ ಮುರಿಯಿತು.

"ಒಬ್ಬನೇ ಹೋಗ್ತಿಯಾ, ಬೇಡವಾ? ನಿನ್ನ ಇಷ್ಟ ಬೆಳ್ಯಪ್ಪಾ, ನಾನು ಒತ್ತಾಯ ಮಾಡೋದಿಲ್ಲ," ಎಂದರು ಬೋಪಯ್ಯನವರು.

ಹೋಗುತ್ತೇನೆ ಎಂದೆ. ಊರಿಗೆ ಹೋಗಿ ಅವ್ವನಿಗೆ ಹೇಳಿದಾಗ ಅವಳು ನಮ್ಮ ಅರೆಭಾಷೆಯಲ್ಲಿ ಕೇಳಿದ್ದು ಒಂದೇ ಮಾತು: "ಅಲ್ಲಿ ನಿನ್ನೊಟ್ಟಿಗೆ ಮಾತಾಡಿಕೆ ಯಾರ್ ಉಟ್ಟು ಮಗಾ?"

ಊಟದ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ, ಅವಳು ಕೇಳಿದ್ದು ಮಾತಾಡಲು ಯಾರಿದ್ದಾರೆ ಎಂದು. ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರು, ಚೈನಿನ ಡಬ್ಬಿ ಎಲ್ಲ ಬಿಚ್ಚಿ ಭಾರ ಇಳಿಸಿದೆ. ಲಾರಿಯ ಹಳೆ ಟಯರು ಕತ್ತರಿಸಿ ಎರಡು ಜೊತೆ ಬ್ರೇಕ್ ರಬ್ಬರು ಮಾಡಿಕೊಂಡೆ. ಹೊರಟೆ.

ಮಂಡಪಂ

ರಾಮೇಶ್ವರಕ್ಕೆ ಮುಂಚೆ ಮಂಡಪಂ ಎಂಬ ಸ್ಟೇಷನ್ ಇದೆ. ಸಿಲೋನಿಗೆ ಹೋಗುವವರೆಲ್ಲ ಅಲ್ಲಿ ಇಳಿದು ಡಾಕ್ಟರಿಗೆ ಮುಖ ತೋರಿಸಬೇಕು. ಮರಳು, ಬಿಸಿಲು, ಉದ್ದುದ್ದ ಶೆಡ್ಡುಗಳು. ನಮ್ಮಲ್ಲಿ ಮರದ ನೆರಳಿಲ್ಲದ ಜಾಗ ಹುಡುಕಬೇಕು. ಅಲ್ಲಿ ನೆರಳನ್ನು ಹುಡುಕಿಕೊಂಡು ನಾನು ಸೈಕಲ್ಲಿನ ನೆರಳಿನಲ್ಲೇ ಕೂತೆ.

ಡಾಕ್ಟರರು ಕಣ್ಣಿನ ರೆಪ್ಪೆ ಮಡಚಿ ನೋಡಿದರು, ನಾಲಿಗೆ ನೋಡಿದರು, ತೋಳು ನೋಡಿದರು. ಅವರ ಪಕ್ಕದಲ್ಲಿದ್ದ ಸಿಲೋನ್ ಸರ್ಕಾರದ ಅಧಿಕಾರಿ ನನ್ನನ್ನು ಬಿಟ್ಟು ಸೈಕಲ್ಲನ್ನು ನೋಡಿದರು.

"ಈ ಮಣ್ಣು ಎಲ್ಲಿಯದು?" ಎಂದು ತಮಿಳಿನಲ್ಲಿ ಕೇಳಿದರು.

ಟಯರಿನ ಗೀರುಗಳಲ್ಲಿ ಕೆಂಪು ಮಣ್ಣು ಒಣಗಿ ಕೂತಿತ್ತು. "ನಮ್ಮ ಕಾಫಿ ತೋಟದ್ದು," ಎಂದೆ.

"ತೊಳಿ. ಒಂದು ಚೂರೂ ಉಳಿಯಬಾರದು."

ಅವರ ದೇಶದಲ್ಲಿ ಹಿಂದೆ ಕಾಫಿಯೇ ಇತ್ತಂತೆ. ಎಲೆಗೆ ರೋಗ ಬಿದ್ದು ಬೆಟ್ಟಕ್ಕೆ ಬೆಟ್ಟವೇ ಸತ್ತು, ಆಮೇಲೆ ಚಹಾ ಹಾಕಿದರಂತೆ. ಅದನ್ನು ಅವರು ತಮ್ಮ ಮನೆಯಲ್ಲಿ ನಡೆದ ಸಾವಿನಂತೆ ಹೇಳಿದರು. ನಾನು ಕೊಳಾಯಿಯ ಕೆಳಗೆ ಕೂತು ಕಡ್ಡಿಯಿಂದ ಕೆರೆದು ಕೆರೆದು ತೊಳೆದೆ. ಕೆಂಪು ನೀರು ಮರಳಿನಲ್ಲಿ ಇಂಗಿತು. ಸೈಕಲ್ ಅಂಗಡಿಯಿಂದ ಈಗಷ್ಟೇ ತಂದಂತೆ ಕಾಣತೊಡಗಿತು. ನನ್ನದಲ್ಲ ಎನ್ನುವಂತೆಯೂ ಕಾಣತೊಡಗಿತು.

ಪಕ್ಕದ ಶೆಡ್ಡಿನಲ್ಲಿ ಸಂಸಾರ ಸಮೇತ ಬಂದ ತೋಟದ ಕೂಲಿಯವರು ಗಂಟುಮೂಟೆಗಳ ಮೇಲೆ ಕೂತಿದ್ದರು. ನನಗೆ ಬರುವ ತಮಿಳೆಲ್ಲ ಎಸ್ಟೇಟಿನ ತಮಿಳು. ಬಾ, ಹೋಗು, ಬೇಗ, ಆ ಸಾಲು ಮುಗಿಸು. ಕೆಲಸ ಹೇಳುವ ತಮಿಳು. ಅವರ ಹತ್ತಿರ ಕೂತು ಹರಟಬೇಕೆನ್ನಿಸಿದಾಗ ಹರಟುವ ತಮಿಳು ಒಂದು ಮಾತೂ ನನ್ನಲ್ಲಿಲ್ಲ ಎಂದು ಗೊತ್ತಾಯಿತು. ಏಳು ವರ್ಷ ಅವರಂಥವರ ಜೊತೆಯಲ್ಲೇ ದಿನ ಕಳೆದವನು ನಾನು.

ಕಡಲು

ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗಿನಲ್ಲಿ ಎರಡು ಗಂಟೆಯೇ ಇರಬೇಕು. ನನಗೆ ಎರಡು ದಿನವಾದಂತಿತ್ತು. ಮಡಿಕೇರಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಜನವೆಲ್ಲ ವಾಂತಿ ಮಾಡಿಕೊಂಡರೂ ಕಿಟಕಿಗೆ ಒರಗಿ ನಿದ್ದೆ ಮಾಡುವ ನಾನು ಅಲ್ಲಿ ಕಂಬಿ ಹಿಡಿದು ಬಗ್ಗಿದವನು ಎದ್ದದ್ದು ದಡ ಬಂದಾಗಲೇ. ಒಬ್ಬ ಮುದುಕರು ನಿಂಬೆಹಣ್ಣು ಕೊಟ್ಟು, ಸಿಂಹಳದಲ್ಲಿ ಏನೋ ಸಮಾಧಾನ ಹೇಳಿದರು. ಅರ್ಥವಾಗಲಿಲ್ಲ. ಆದರೆ ಅವರು ಹೇಳುವುದನ್ನು ನಿಲ್ಲಿಸದಿರಲಿ ಎನ್ನಿಸಿತು.

ಆ ದಡದಲ್ಲಿ ಸುಂಕದವರು ಸೈಕಲ್ಲಿನ ನಂಬರನ್ನು ನನ್ನ ಪಾಸ್‌ಪೋರ್ಟಿನಲ್ಲಿ ಬರೆದು, ಇದೇ ಸೈಕಲ್ಲನ್ನು ವಾಪಸು ತರಬೇಕು, ಮಾರುವಂತಿಲ್ಲ ಎಂದು ಸಹಿ ಹಾಕಿಸಿಕೊಂಡರು. ಅಲ್ಲಿಂದ ರೈಲು. ನಡುವೆ ಒಂದು ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸುವಾಗ ಸೈಕಲ್ಲು ಒಂದು ಡಬ್ಬಿಗೆ, ನಾನು ಇನ್ನೊಂದಕ್ಕೆ ಹತ್ತಿದೆವು. ಬೆಟ್ಟ ಶುರುವಾದ ಮೇಲೆ ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಓಡಿಹೋಗಿ ಇದೆಯೇ ಎಂದು ನೋಡಿಬರುತ್ತಿದ್ದೆ. ನಾಲ್ಕನೆಯ ಸಲ ಗಾರ್ಡು ನಗುತ್ತ ನನ್ನನ್ನು ಸೈಕಲ್ಲಿನ ಡಬ್ಬಿಗೇ ಹತ್ತಿಸಿಕೊಂಡರು.

ಹಪುತಳೆ

ನಮ್ಮ ಬೆಟ್ಟಗಳಿಗೆ ಮೈತುಂಬ ಮರ. ಕಾಫಿ ಗಿಡ ನೆರಳಿನಲ್ಲಿ ಬೆಳೆಯುತ್ತದೆ, ಅದರಡಿ ಕೆಲಸ ಮಾಡುವವರೂ ನೆರಳಿನಲ್ಲಿರುತ್ತಾರೆ. ಹಪುತಳೆಯ ಬೆಟ್ಟಗಳಿಗೆ ಮರವಿಲ್ಲ. ಕ್ಷೌರ ಮಾಡಿಸಿಕೊಂಡ ತಲೆಯಂತೆ ನುಣ್ಣಗೆ, ಹಸಿರಾಗಿ, ಮೈಲಿಗಟ್ಟಲೆ ಚಹಾ. ಸ್ಟೇಷನ್ನು ಬೆಟ್ಟದ ಏಣಿನ ಮೇಲಿದೆ. ಎರಡೂ ಕಡೆ ನೆಲ ಜಾರಿ ಕೆಳಗೆ ಬಿದ್ದುಹೋಗುತ್ತದೆ. ಗಾಳಿಯೋ, ಟೋಪಿ ಹಾಕಿಕೊಂಡವರು ಕೈಯನ್ನು ಅದರ ಮೇಲಿಂದ ತೆಗೆಯುವಂತಿಲ್ಲ.

ಬೋಪಯ್ಯನವರ ಸ್ನೇಹಿತರು, ಡಿ ಸಿಲ್ವ ಎಂಬುವರು, ಜೀಪು ಕಳಿಸಿದ್ದರು. ಫ್ಯಾಕ್ಟರಿಯ ಹಿಂದೆ ಖಾಲಿಯಿದ್ದ ಒಂದು ಮನೆಯನ್ನು ಇಬ್ಬರಿಗೆಂದು ಸಿದ್ಧ ಮಾಡಿಸಿದ್ದರು. ಎರಡು ಮಂಚ, ಎರಡು ಕಂಬಳಿ, ಎರಡು ಬಟ್ಟಲು. ಉತ್ತಯ್ಯನ ಮಂಚದ ಮೇಲೆ ಸೈಕಲ್ಲಿನ ಸಾಮಾನು ಹರವಿಟ್ಟೆ.

ಡಿ ಸಿಲ್ವರಿಗೆ ನನ್ನ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ನನಗೆ ಅವರದು ಅರ್ಧ ಆಗುತ್ತಿತ್ತು. "ನಿಮ್ಮಲ್ಲಿ ಆನೆ ಇವೆಯಂತೆ?" ಎಂದರು. ದುಬಾರೆಯಲ್ಲಿ ಆನೆಗಳಿಗೆ ಕೆಲಸ ಕಲಿಸುವುದನ್ನು ಕೈಸನ್ನೆಯಲ್ಲಿ ಹೇಳಿದೆ. ನಮ್ಮಲ್ಲೂ ಇವೆ ಎಂದು ಅವರು ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿಯಿತು.

ಊಟಕ್ಕೆ ಕೆಂಪಕ್ಕಿ ಅನ್ನ, ತೆಂಗಿನಹಾಲಿನ ಪಲ್ಯ, ಒಣಮೀನು. ನಮ್ಮ ಊಟಕ್ಕಿಂತ ಬಹಳ ದೂರವೇನಲ್ಲ. ಆದರೆ ಅಲ್ಲಿ ಉಣ್ಣುವಾಗ ಯಾರೂ ಇನ್ನೊಂದು ಸೌಟು ಹಾಕಿಸಿಕೋ ಎಂದು ಒತ್ತಾಯ ಮಾಡುವುದಿಲ್ಲ. ಪಾತ್ರೆ ಮುಂದಿಟ್ಟು ಹೋಗುತ್ತಾರೆ. ಬೇಕಾದಷ್ಟು ಬಡಿಸಿಕೊಳ್ಳಬೇಕು. ಅದು ಅವರ ಮರ್ಯಾದೆ ಎಂದು ಗೊತ್ತಿದ್ದೂ ನಾನು ಎರಡು ದಿನ ಅರೆಹೊಟ್ಟೆಯಲ್ಲಿದ್ದೆ.

ಮೊದಲ ದಿನ

ಪಂದ್ಯದ ಕ್ರಮ ಇದು. ದಿನಕ್ಕೆ ಮೂರು ಇಳುಕಲು, ಎರಡು ದಿನಕ್ಕೆ ಆರು. ಮೇಲೊಂದು ಗಡಿಯಾರ, ಕೆಳಗೊಂದು. ಬೆಳಿಗ್ಗೆ ಎರಡನ್ನೂ ಜೊತೆಗಿಟ್ಟು ಒಂದೇ ಹೊತ್ತಿಗೆ ಹೊಂದಿಸುತ್ತಾರೆ. ಒಂದೊಂದು ನಿಮಿಷ ಬಿಟ್ಟು ಒಬ್ಬೊಬ್ಬರನ್ನು ಬಿಡುತ್ತಾರೆ. ಇಳಿದ ಹೊತ್ತನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ಹತ್ತುವುದಕ್ಕೆ ಗಡಿಯಾರವಿಲ್ಲ, ಎಲ್ಲರೂ ಸೈಕಲ್ ತಳ್ಳಿಕೊಂಡು ಸಾವಕಾಶವಾಗಿ ಮೇಲೆ ಹೋಗಬಹುದು. ಆರರಲ್ಲಿ ಒಂದನ್ನು ಪೂರೈಸದಿದ್ದರೂ ಹೆಸರು ಹೊಡೆದುಹಾಕುತ್ತಾರೆ.

ನಾವು ಹನ್ನೊಂದು ಜನ. ತೋಟದ ಗುಮಾಸ್ತರು, ಇಬ್ಬರು ಪೋಲೀಸಿನವರು, ಕೊಲಂಬೊದಿಂದ ಬಂದ ಗುಣಪಾಲ ಎಂಬ ರಸ್ತೆ ಪಂದ್ಯದ ವೀರ. ಗುಣಪಾಲನ ಸೈಕಲ್ಲು ನನ್ನದರ ಅರ್ಧ ಭಾರವೂ ಇರಲಿಲ್ಲ.

ದಾರಿ ಚಹಾ ಕೀಳುವವರು ಓಡಾಡುವ ಕಾಲುದಾರಿ. ಕಲ್ಲಿನ ಮೆಟ್ಟಿಲು, ಅಡ್ಡ ಚರಂಡಿ, ಹೆಜ್ಜೆಗೊಂದು ತಿರುವು. ತಿರುವುಗಳಲ್ಲಿ ಸುಣ್ಣದ ಗುರುತು ಹಾಕಿ, ಬಿಳಿ ಬಾವುಟ ನೆಟ್ಟಿದ್ದರು. ನಾನು ಪೆಡಲ್ ಮೇಲೆ ಎದ್ದು ನಿಂತು, ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳಿ, ಮಂಡಿ ಸಡಿಲ ಬಿಟ್ಟೆ. ಮುಂದಿನ ಚಕ್ರವನ್ನು ನೋಡಬಾರದು, ಅದು ಎಲ್ಲಿ ಹೋಗಬೇಕೋ ಅಲ್ಲಿ ನೋಡಬೇಕು. ಉತ್ತಯ್ಯನೂ ನಾನೂ ಬಿದ್ದು ಬಿದ್ದು ಕಲಿತದ್ದು ಇಷ್ಟೇ. ಮೆಟ್ಟಿಲುಗಳಲ್ಲಿ ಸೈಕಲ್ಲಿನ ಎಲುಬುಗಳೆಲ್ಲ ಕಟಕಟ ಎಂದವು. ಚಹಾ ಗಿಡದ ರೆಂಬೆ ಕಾಫಿಯದಕ್ಕಿಂತ ಗಟ್ಟಿ. ತಗುಲಿದರೆ ಬಾಗುವುದಿಲ್ಲ, ಚರ್ಮ ಕೀಳುತ್ತದೆ. ಕೆಳಗೆ ಬಂದು ನಿಂತಾಗ ಮೊಣಕೈಯಿಂದ ರಕ್ತ ಹರಿಯುತ್ತಿತ್ತು. ಗಡಿಯಾರದವರು ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ ಆಮೇಲೆ ಬರೆದುಕೊಂಡರು.

ಸಂಜೆ ಕರಿಹಲಗೆಯಲ್ಲಿ ಹೆಸರು ಬರೆದರು. ಮೊದಲು ನಾನು, ಎರಡನೆಯವನು ಗುಣಪಾಲ. ನಡುವೆ ಒಂಬತ್ತೇ ಸೆಕೆಂಡು.

ಅದನ್ನು ಯಾರಿಗೆ ಹೇಳುವುದು? ತೋಟದ ಯಜಮಾನರು ಕ್ಲಬ್ಬಿನ ಒಳಗೆ ಹೋದರು. ಗುಮಾಸ್ತರು ಜಗುಲಿಯ ಮೇಲೆ ಗುಂಪಾಗಿ ಕೂತರು. ನಾನು ಯಾವ ಕಡೆಯವನೆಂದು ಯಾರಿಗೂ ತಿಳಿಯಲಿಲ್ಲ, ಚಹಾದ ಬಟ್ಟಲು ಹಿಡಿದು ಮೆಟ್ಟಿಲ ಮೇಲೇ ನಿಂತು ಕುಡಿದೆ. ಇಳಿಯುವಾಗ ಎಲ್ಲರೂ ಒಬ್ಬೊಬ್ಬರೇ, ಅದೇನೂ ಕಷ್ಟವಲ್ಲ. ಹತ್ತುವಾಗಲೇ ಕಷ್ಟವಾದದ್ದು. ಹತ್ತು ಜನ ಸೈಕಲ್ ತಳ್ಳುತ್ತ, ನಗುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಹೋಗುತ್ತಿದ್ದರು. ನಾನು ಅವರ ಹಿಂದೆ ಹತ್ತು ಮಾರು ದೂರದಲ್ಲಿ ತಳ್ಳುತ್ತಿದ್ದೆ. ನಗು ಕೇಳಿದಾಗ ನಾನೂ ಸುಮ್ಮನೆ ನಗುತ್ತಿದ್ದೆ. ಮೂರನೆಯ ಸಲ ಹತ್ತುವಾಗ ಅದನ್ನು ಬಿಟ್ಟೆ.

ಎರಡನೆಯ ದಿನ

ಬೆಳಿಗ್ಗೆಯ ಎರಡು ಇಳುಕಲು ಚೆನ್ನಾಗಿ ಆದವು. ಗುಣಪಾಲ ಸ್ವಲ್ಪ ಹತ್ತಿರ ಬಂದಿದ್ದ, ಆದರೂ ನಾನೇ ಮುಂದಿದ್ದೆ. ಕೊನೆಯದಕ್ಕೆ ಮೇಲೆ ಹತ್ತುತ್ತಿದ್ದಂತೆ ಮಂಜು ಬಂತು. ನಮ್ಮಲ್ಲಿಯೂ ಮಂಜು ಬೀಳುತ್ತದೆ, ಆದರೆ ಅದಕ್ಕೆ ಮರಗಳು ಅಡ್ಡವಿವೆ, ಮೆಲ್ಲಗೆ ಬರುತ್ತದೆ. ಅಲ್ಲಿ ಕಣಿವೆಯಿಂದ ಎದ್ದು, ಗೋಡೆಯಂತೆ ಒಮ್ಮೆಗೇ ಬಂದು ನಿಂತಿತು. ನಾಲ್ಕು ಗಂಟೆಗೆ ಕೆಳಗಿನ ಗಡಿಯಾರ ಮುಚ್ಚುತ್ತದೆ, ಅಷ್ಟರೊಳಗೆ ಎಲ್ಲರೂ ಇಳಿಯಬೇಕು ಎಂದು ಬಿಡಲು ಶುರುಮಾಡಿದರು.

ಐದನೆಯ ತಿರುವಿನವರೆಗೆ ದಾರಿ ನನಗೆ ಬಾಯಿಪಾಠವಾಗಿತ್ತು. ಆರನೆಯದರಲ್ಲಿ ಬಾವುಟ ಕಾಣಲಿಲ್ಲ. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎಡಕ್ಕೆ ಬಿಟ್ಟೆ. ದಾರಿ ಕಡಿದಾಯಿತು, ಕಲ್ಲು ಹೋಗಿ ಕೆಸರು ಬಂತು, ಇದು ಆ ದಾರಿಯಲ್ಲ ಎಂದು ಹೊಳೆಯುವಷ್ಟರಲ್ಲಿ ಒಂದು ಚರಂಡಿ ಬಾಯಿ ತೆರೆದುಕೊಂಡು ಎದುರಿಗಿತ್ತು. ಬ್ರೇಕ್ ಹಿಡಿದೆ. ಮುಂದಿನ ಬ್ರೇಕಿನ ಕಂಬಿ ಟಣ್ ಎಂದು ಮುರಿಯಿತು.

"ಅಯ್ಯೋ ಅವ್ವಾ, ಸತ್ತೆ!"

ಸಾಯಲಿಲ್ಲ. ಚರಂಡಿಯಲ್ಲಿ ಅಂಗಾತ ಬಿದ್ದಿದ್ದೆ. ಹತ್ತಿರದಲ್ಲೇ ಲೈನಿನ ತಗಡಿನ ಮಾಡು ಮಸುಕಾಗಿ ಕಾಣಿಸಿತು. ಅಲ್ಲಿನ ಕೊಳಾಯಿಯ ಕಡೆಯಿಂದ ಒಂದು ಧ್ವನಿ ಕೇಳಿತು.

"ಯಾರಪ್ಪಾ ಅದು? ಅವ್ವಾ ಅಂದಿದ್ದು ಯಾರು?"

ಕನ್ನಡ. ತಲೆಗೆ ಪೆಟ್ಟು ಬಿದ್ದಿದೆ ಎಂದುಕೊಂಡೆ. ತಲೆಯ ಮೇಲೆ ಗೋಣಿಚೀಲ ಹೊದ್ದ ಒಬ್ಬ ಮುದುಕಿ ಕೊಡವನ್ನು ಕೆಳಗಿಟ್ಟು ಹತ್ತಿರ ಬಂದು ಬಗ್ಗಿ ನೋಡಿದಳು.

"ನಿಮಗೆ ಕನ್ನಡ ಬರ್ತದಾ ಅಜ್ಜಿ?"

"ಬರ್ತಿತ್ತು ಕಣಪ್ಪಾ," ಎಂದಳು.

ಕೈಕೊಟ್ಟು ಎಬ್ಬಿಸಿದಳು. ಅವಳ ಹೆಸರು ಚೆನ್ನಮ್ಮ. ಅವಳ ಮಾತು ನಮ್ಮ ಉತ್ತರ ಕೊಡಗಿನವರದು, ಹಾಸನದ ಕಡೆಯ ರಾಗ, ನಡುನಡುವೆ ತಮಿಳು.

"ಶನ್ವಾರ್ಸಂತೆ ಪಕ್ಕ ನಮ್ಮೂರು. ಕಾಫಿ ಕುಯ್ಯೋಕೆ ಬಂದಿದ್ರು ನಮ್ಮನೆಯವ್ರು, ತಮಿಳ್ರು. ಅವ್ರನ್ನ ಕಟ್ಕೊಂಡು ಬಂದ್ಬುಟ್ಟೆ. ಆಗ ನಂಗೆ ಇನ್ನೂ ಇಪ್ಪತ್ತು ಆಗಿರ್ಲಿಲ್ಲ. ಅವ್ರು ತೀರ್ಹೋದ್ರು. ಮಕ್ಳಿಗೆಲ್ಲ ತಮಿಳೇ. ಮೊದ್ಲು ಮೊದ್ಲು ಅಡುಗೆ ಮಾಡ್ತಾ ಒಬ್ಳೇ ಮಾತಾಡ್ಕೊಳ್ತಿದ್ದೆ, ಮರೀಬಾರ್ದು ಅಂತ. ಸೊಸೆ ನಗಾಡೋಳು. ಆಮೇಲೆ ಅದೂ ನಿಂತೋಯ್ತು."

"ಊರಿಗೆ ಹೋಗಲೇ ಇಲ್ವಾ?"

"ಹೆಂಗೆ ಹೋಗೋದು? ಇಲ್ಲಿಯೋಳಲ್ಲ ಅಂತಾರೆ ಇಲ್ಲಿ. ಅಲ್ಲಿಯೋಳು ಅನ್ನೋಕೆ ಕಾಗ್ದ ಎಲ್ಲೈತೆ? ನಿಂಗೆ ಐತಾ ಕಾಗ್ದ?"

ಇದೆ ಎಂದೆ. ನಾಚಿಕೆಯಾಯಿತು. ಅಷ್ಟರಲ್ಲಿ ನನ್ನ ಕಣ್ಣು ಕೈಗಡಿಯಾರದ ಮೇಲೆ ಹೋಗಿತ್ತು. ಮೂರೂ ಕಾಲು ಆಗಿತ್ತು. ಮೇಲೆ ಹತ್ತಿ ದಾರಿ ಹಿಡಿದು ಇಳಿದರೆ ಗಡಿಯಾರ ಮುಚ್ಚುವ ಮುನ್ನ ತಲುಪಬಹುದು. ಗೆಲ್ಲುವ ಮಾತು ಮುಗಿದಿತ್ತು. ಆದರೆ ಹೆಸರು ಹೊಡೆದುಹಾಕಿಸಿಕೊಂಡು ಬೋಪಯ್ಯನವರ ಮುಂದೆ ಹೇಗೆ ನಿಲ್ಲುವುದು? ಇಷ್ಟು ದೂರ ಬಂದು, ಮಂಜಿನಲ್ಲಿ ಕಳೆದುಹೋದೆ ಎಂದು ಉತ್ತಯ್ಯನಿಗೆ ಹೇಗೆ ಹೇಳುವುದು?

"ಅಜ್ಜಿ, ನನಗೆ ಹೋಗಬೇಕು. ಪಂದ್ಯ ಉಂಟು."

ಅವಳು ಹ್ಯಾಂಡಲ್ ಹಿಡಿದುಕೊಂಡಳು. "ಒಂದೇ ಒಂದು ಕೇಳ್ತೀನಿ ತಡಿಯಪ್ಪಾ. ನಾಟಿ ಮಾಡೋವಾಗ ಮಳೆಗೆ ಬೆನ್ನಿನ ಮೇಲೆ ಹಾಕ್ಕೊಳ್ತಿದ್ವಲ್ಲ, ಎಲೇಲಿ ಹೆಣೆದಿದ್ದು, ತಲೆಯಿಂದ ಸೊಂಟದವರ್ಗೂ ಬರೋದು. ಅದಕ್ಕೆ ಏನಂತಾರೆ? ನಮ್ಮವ್ವ ಹೆಣೀತಿದ್ಲು. ಎಷ್ಟು ವರ್ಷದಿಂದ ಯೋಚ್ನೆ ಮಾಡ್ತಾ ಇವ್ನಿ. ಹೆಸ್ರು ಬತ್ತಾನೇ ಇಲ್ಲ."

ನನಗೂ ಬರಲಿಲ್ಲ. ವಸ್ತು ಕಣ್ಣ ಮುಂದಿತ್ತು. ನಾನೇ ಹಾಕಿಕೊಂಡು ಗದ್ದೆಗೆ ಇಳಿದವನು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ನಿಮಿಷಗಳು ಮಾತ್ರ.

"ನೆನಪಾಗ್ತಾ ಇಲ್ಲ ಅಜ್ಜಿ. ಬಿಡಿ, ಹೊತ್ತಾಯ್ತು."

ಹ್ಯಾಂಡಲ್ಲನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಅವಳು ಬಿಗಿಯಾಗಿಯೇ ಹಿಡಿದಿದ್ದಳು. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡಿದೆ. ತಿರುವಿನವರೆಗೆ ಹತ್ತಿ, ಬಾವುಟವನ್ನು ಕಂಡು — ಅದು ಗಾಳಿಗೆ ಬಿದ್ದು ಚಹಾ ಗಿಡದ ಮೇಲೆ ಮಲಗಿತ್ತು — ಒಂದೇ ಬ್ರೇಕಿನಲ್ಲಿ, ಒಂದು ಕಾಲನ್ನು ನೆಲಕ್ಕೆ ಉಜ್ಜುತ್ತ ಇಳಿದೆ. ನಾಲ್ಕಕ್ಕೆ ಮೂರು ನಿಮಿಷವಿತ್ತು. ನನ್ನ ಚಪ್ಪಲಿಯ ಅಟ್ಟೆ ಉಳಿದಿರಲಿಲ್ಲ.

ಕರಿಹಲಗೆಯಲ್ಲಿ ನನ್ನ ಹೆಸರು ಒಂಬತ್ತನೆಯದು. ಮಂಜಿನಲ್ಲಿ ಇಳಿಯಲಾರದ ಇಬ್ಬರ ಹೆಸರನ್ನು ಹೊಡೆದುಹಾಕಿದ್ದರು, ನನ್ನದನ್ನು ಹೊಡೆದುಹಾಕಿರಲಿಲ್ಲ. ಗೆದ್ದ ಗುಣಪಾಲ ಬಂದು ನನ್ನ ಕೈ ಹಿಡಿದು, ಮುರಿದ ಕಂಬಿಯನ್ನು ತೋರಿಸಿ, ಮಂಜನ್ನು ತೋರಿಸಿ, ತನ್ನ ಹಣೆಯ ಮೇಲೆ ಬೆರಳಿನಿಂದ ಗೀರಿ ತೋರಿಸಿದ. ಹಣೆಬರಹ ಎಂದು ಅವರಲ್ಲೂ ಹೀಗೆಯೇ ತೋರಿಸುತ್ತಾರೆ ಎಂದು ಗೊತ್ತಾಯಿತು. ನಾನು ತಲೆಯಾಡಿಸಿದೆ. ನನ್ನ ಮನಸ್ಸಿನಲ್ಲಿ ಆಗ ಪಂದ್ಯವಿರಲಿಲ್ಲ. ಆ ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಕೈಗೆ ಅಂಟಿಕೊಂಡಂತಿತ್ತು.

ಹೊರಡುವ ಬೆಳಿಗ್ಗೆ

ಬೆಳಿಗ್ಗೆ ಸಣ್ಣ ಮಳೆ. ಕಿಟಕಿಯಿಂದ ನೋಡಿದರೆ ಹೆಂಗಸರು ಗೋಣಿಯನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟು, ಅದರ ಮೇಲೆ ಬುಟ್ಟಿಯ ಹಗ್ಗ ಹಾಕಿಕೊಂಡು ಸಾಲಾಗಿ ಹತ್ತುತ್ತಿದ್ದರು. ಹಿಂದಿನಿಂದ ನೋಡಲು ನಮ್ಮ ನಾಟಿಯ ಹೆಂಗಸರಂತೆಯೇ ಇದ್ದರು. ಕೂಡಲೇ ಹೆಸರು ಬಂತು. ಹಲ್ಲುಜ್ಜುತ್ತಿದ್ದವನು ಜೋರಾಗಿ ಹೇಳಿಯೇಬಿಟ್ಟೆ.

ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಜೀಪು ಬೇಡ ಎಂದು, ಗಂಟನ್ನು ಸೈಕಲ್ಲಿಗೆ ಕಟ್ಟಿ, ತಳ್ಳಿಕೊಂಡು ಆ ಲೈನಿನ ದಾರಿ ಹಿಡಿದೆ. ಲೈನಿನಲ್ಲಿ ಚೆನ್ನಮ್ಮ ಇರಲಿಲ್ಲ. ಕೀಳುವವರಿಗೆ ಚಹಾ ನೀರು ಹೊತ್ತುಕೊಂಡು ಹೋಗುವುದು ಅವಳ ಕೆಲಸವಂತೆ. ಸೊಸೆ ಕೈತೋರಿಸಿದಳು. ನಡುವೆ ಒಂದು ಕಣಿವೆ. ಆಚೆ ಇಳಿಜಾರಿನಲ್ಲಿ ಹಸಿರಿನ ನಡುವೆ ಹೆಂಗಸರ ಸಾಲು, ಅವರ ಕೆಳಗೆ ಕೊಡ ಹೊತ್ತ ಒಂದು ಚಿಕ್ಕ ಆಕಾರ. ಕಣಿವೆ ಇಳಿದು ಹತ್ತಿದರೆ ರೈಲು ತಪ್ಪುತ್ತದೆ. ರೈಲು ತಪ್ಪಿದರೆ ಹಡಗು ತಪ್ಪುತ್ತದೆ.

ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದೆ. "ಚೆನ್ನಜ್ಜೀ!"

ಮೂರನೆಯ ಕೂಗಿಗೆ ಅವಳು ನಿಂತಳು.

"ಗೊರಗಾ! ಅದರ ಹೆಸರು ಗೊರಗಾ!"

ಅವಳು ಅಲ್ಲಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದೆ. ಕೀಳುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಮೇಸ್ತ್ರಿ ಏನೋ ಗದರಿದ. ಚೆನ್ನಮ್ಮ ಕೊಡವನ್ನು ಕೆಳಗಿಟ್ಟಳು. ಒಂದು ಕೈಯನ್ನು ಮೇಲೆತ್ತಿ, ಇಲ್ಲ ಇಲ್ಲ ಎಂಬಂತೆ ಜೋರಾಗಿ ಆಡಿಸಿದಳು. ಆಮೇಲೆ ಅವಳ ಧ್ವನಿ ಕಣಿವೆ ದಾಟಿ ಬಂತು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ಧ್ವನಿ ಇದೆಯೆಂದು ನಾನು ಎಣಿಸಿರಲಿಲ್ಲ.

"ಗೊರಗ ಅಲ್ವೋ! ಗೊರಬು! ನಮ್ಮೂರಲ್ಲಿ ಗೊರಬು ಅಂತಾರೆ! ಗೊರಬೂ!"

ಹೆಂಗಸರು ನಗತೊಡಗಿದರು. ಅವಳು ಅವರ ಕಡೆ ತಿರುಗಿ, ತನ್ನ ಬೆನ್ನಿನ ಗೋಣಿಯನ್ನು ಹಿಡಿದು ತೋರಿಸಿ ತೋರಿಸಿ ಅದೇ ಮಾತು ಹೇಳುತ್ತಿದ್ದಳು. ನನ್ನ ಕಡೆ ಮತ್ತೆ ನೋಡಲಿಲ್ಲ. ಮಂಜು ಮೇಲೇರಿ ಮೊದಲು ಅವಳನ್ನು, ಆಮೇಲೆ ಹೆಂಗಸರನ್ನು ಮುಚ್ಚಿತು. ಧ್ವನಿ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು.

ನಾನು ಸೈಕಲ್ ತಳ್ಳಿಕೊಂಡು ಸ್ಟೇಷನ್ನಿಗೆ ಹತ್ತಿದೆ. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು "ಯಾವೂರು ಸ್ವಾಮಿ?" ಎಂದು ಕೇಳುವವರೆಗೆ, ಮೂರೂವರೆ ದಿನ, ನಾನು ಒಂದು ಮಾತೂ ಕನ್ನಡ ಆಡಲಿಲ್ಲ.